ಬ್ಯಾಂಕಿನ ಬ್ಯಾಗು ಸಿಕ್ಕಿತು, ಇನ್ನು ಮಕ್ಕಳ ಲೆಕ್ಕ ಕೊಡಿ

ಕಳೆದ ಜೂನಿನ ಒಂದು ಶುಕ್ರವಾರ. ಜುಮಾ ಮುಗಿಸಿ ಬಂದು, ಊಟ ಮಾಡಿ, ಜುಬೈಲಿನ ನಮ್ಮ ರೂಮಿನಲ್ಲಿ ಎಲ್ಲರೂ ಅಡ್ಡ ಬಿದ್ದಿದ್ದ ಹೊತ್ತು. ಊರಿನ ಗ್ರೂಪಿನಲ್ಲಿ ಒಂದು ಫೋಟೋ ಬಂತು. ನಮ್ಮೂರ ಸರಕಾರಿ ಶಾಲೆಯ ಅಂಗಳ. ಹಿಂದೆ ದೊಡ್ಡ ಬ್ಯಾನರು, ಮಧ್ಯದಲ್ಲಿ ಶಾಲು ಹೊದ್ದ ಏಳು ಮಂದಿ ದೊಡ್ಡವರು, ಅವರ ಮೊಣಕಾಲಿನ ಹತ್ತಿರ ಕುಕ್ಕರಗಾಲಲ್ಲಿ ಕೂತ ಮಕ್ಕಳು. ಒಬ್ಬೊಬ್ಬರ ಎದೆಗೂ ಒಂದೊಂದು ಹೊಸ ಬ್ಯಾಗು. ಬ್ಯಾಗಿನ ಮೇಲೆ ಬ್ಯಾಂಕಿನ ಹೆಸರು ಮಕ್ಕಳ ಮುಖಕ್ಕಿಂತ ದೊಡ್ಡದು. ನಮ್ಮಲ್ಲೊಬ್ಬರು ಫೋಟೋ ದೊಡ್ಡದು ಮಾಡಿ ನೋಡಿ, "ಇವ ನನ್ನ ಮಗ ಅಲ್ವಾ!" ಅಂತ ಎದ್ದು ಕೂತರು. ರೂಮಿಗೇ ಖುಷಿ. ಫೋಟೋ ಕೈಯಿಂದ ಕೈಗೆ ಹೋಯಿತು.

ಆಮೇಲೆ ಮನೆಗೆ ಫೋನ್ ಮಾಡಿದರು. ಮಗ ಹೇಳಿದ್ದು ಇಷ್ಟು: ಬೆಳಿಗ್ಗೆ ಹತ್ತಕ್ಕೆ ಬರ್ತೇವೆ ಅಂದ ಅತಿಥಿಗಳು ಬಂದದ್ದು ಹನ್ನೆರಡೂವರೆಗೆ. ಅಷ್ಟು ಹೊತ್ತು ಸಾಲಲ್ಲಿ ನಿಂತದ್ದು. ಎರಡು ಪಿರಿಯಡ್ ಹೋಯಿತು. ಬಿಸಿಯೂಟ ತಣ್ಣಗಾಯಿತು. ಬ್ಯಾಗು ಚೆಂದ ಉಂಟು, ಆದರೆ ಉಪ್ಪ, ನೀವು ಕಳಿಸಿದ ಬ್ಯಾಗು ಇತ್ತಲ್ಲ, ಇದನ್ನು ಎಂತ ಮಾಡುವುದು?

ಸೆಪ್ಟೆಂಬರಿನಲ್ಲಿ ಅದರ ಜಿಪ್ ಹೋಯಿತು. ಶಾಲೆಯ ಹೆಣ್ಣುಮಕ್ಕಳ ಶೌಚಾಲಯದ ಬಾಗಿಲು ಮಾತ್ರ ಜೂನಿನಲ್ಲೂ ಇರಲಿಲ್ಲ, ಸೆಪ್ಟೆಂಬರಿನಲ್ಲೂ ಇರಲಿಲ್ಲ.

ಇದನ್ನು ಬರೆಯಲು ಕೂತಾಗ ನಮ್ಮೊಳಗೇ ವಾದ ಎದ್ದಿತು. "ಕೊಟ್ಟವರನ್ನು ಬಯ್ಯುವುದು ಸರಿಯಾ? ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ ಹಾಗೆ ಆಗ್ತದೆ" ಅಂತ ಹಿರಿಯರೊಬ್ಬರು ಹೇಳಿದರು. ಗಾದೆ ಸರಿ. ಆದರೆ ಅದು ಧರ್ಮಕ್ಕೆ ಕೊಟ್ಟ ದಟ್ಟಿಯ ಬಗ್ಗೆ. ಇದು ಧರ್ಮದ ದಟ್ಟಿ ಅಲ್ಲ ಎಂಬುದೇ ನಮ್ಮ ತಕರಾರು. ಮೊಳ ಹಾಕಲಿಕ್ಕೆ ನಮಗೆ ಹಕ್ಕು ಉಂಟು, ಹಿತ್ತಲಿಗೆ ಹೋಗಬೇಕಾಗಿಯೂ ಇಲ್ಲ, ಅಂಗಳದಲ್ಲೇ ನಿಂತು ಹಾಕಬಹುದು.

ಯಾಕೆ ಅಂತ ಹೇಳುತ್ತೇವೆ.

ಬ್ಯಾಂಕು ಮತ್ತು ಮಕ್ಕಳು ಎಂಬ ಎರಡು ಮಾತು ನಮ್ಮ ಕರಾವಳಿಯಲ್ಲಿ ಮೊನ್ನೆ ಮೊನ್ನೆ ಸೇರಿದ್ದಲ್ಲ. ಮಂಗಳೂರಿನ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈ 1891ರಲ್ಲಿ ಕೆನರಾ ಹೈಸ್ಕೂಲು ಕಟ್ಟಿದರು, 1894ರಲ್ಲಿ ಹೆಣ್ಣುಮಕ್ಕಳ ಶಾಲೆ ಕಟ್ಟಿದರು. ಅವರು ಬ್ಯಾಂಕು ಶುರು ಮಾಡಿದ್ದು ಅದೆಲ್ಲ ಆದ ಮೇಲೆ, 1906ರ ಜುಲೈಯಲ್ಲಿ. ಮೊದಲು ಶಾಲೆ, ಆಮೇಲೆ ಬ್ಯಾಂಕು. ಅದೇ ವರ್ಷ ಮಾರ್ಚ್ 12ರಂದು ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಖಾಸಿಂ ಸಾಹೇಬರು ಇನ್ನೊಂದು ಬ್ಯಾಂಕು ತೆರೆದಿದ್ದರು. 5,000 ರೂಪಾಯಿ ಬಂಡವಾಳ. ಮೊದಲ ದಿನ ಸಂಜೆ ಲೆಕ್ಕ ಹಾಕಿದಾಗ ಪೆಟ್ಟಿಗೆಯಲ್ಲಿದ್ದದ್ದು 38 ರೂಪಾಯಿ 13 ಆಣೆ 2 ಪೈ. ಅದೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದದ್ದು. ಉಡುಪಿಯ ಸರಕಾರಿ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆಗೆ ಜಾಗ ಕೊಟ್ಟವರೂ ಅವರೇ. ನಮ್ಮಲ್ಲಿ ಎಷ್ಟೋ ಮಂದಿಯ ಮಕ್ಕಳು ಹುಟ್ಟಿದ್ದು ಅಲ್ಲೇ. ಇವತ್ತು ಕೂಡಾ ಆ ಆಸ್ಪತ್ರೆಗೆ ಹಾಜಿ ಸಾಹೇಬರ ಹೆಸರಿದೆ, ಆದರೆ ಅವರು ಯಾರು ಅಂತ ಕೇಳಿದರೆ ನಮ್ಮ ಹುಡುಗರಿಗೇ ಗೊತ್ತಿಲ್ಲ.

1925ರಲ್ಲಿ ಉಡುಪಿಯಲ್ಲೇ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ತಂದಿತು. ದಿನಕ್ಕೆ ಎರಡು ಆಣೆ, ಮನೆ ಬಾಗಿಲಿಗೇ ಬಂದು ತೆಗೆದುಕೊಂಡು ಹೋಗುವುದು. ನಮ್ಮ ಉಮ್ಮಂದಿರು ಬೀಡಿ ಕಟ್ಟಿ ಬಂದ ದುಡ್ಡಲ್ಲಿ ಪಿಗ್ಮಿ ಕಟ್ಟಿದವರು. ಸೂಪಿನಲ್ಲಿ ಎಲೆ, ಸೊಪ್ಪು, ಪಕ್ಕದಲ್ಲಿ ಮಲಗಿಸಿದ ಮಗು, ಸೆರಗಿನ ತುದಿಯಲ್ಲಿ ಗಂಟು ಹಾಕಿದ ಚಿಲ್ಲರೆ. ಪಿಗ್ಮಿಯ ಮನುಷ್ಯ ಸೈಕಲ್ಲಿನಲ್ಲಿ ಬಂದರೆ ಯಾವ ಮನೆಯ ಮಗುವಿಗೆ ಜ್ವರ, ಯಾರ ಮಗಳು ಶಾಲೆ ಬಿಟ್ಟಳು ಎಂಬುದೆಲ್ಲ ಅವನಿಗೆ ಗೊತ್ತು. ಆ ಪಿಗ್ಮಿ ಒಡೆದು ನಮ್ಮಲ್ಲಿ ಕೆಲವರ ಮೊದಲ ವೀಸಾಕ್ಕೆ ದುಡ್ಡು ಹೊಂದಿಸಿದ್ದೂ ಉಂಟು. ಅದು ಯಾವ ಸಾಮಾಜಿಕ ಕಾರ್ಯಕ್ರಮವೂ ಅಲ್ಲ, ಬ್ಯಾನರು ಇರಲಿಲ್ಲ. ಆದರೆ ಬ್ಯಾಂಕಿಗೆ ಮಕ್ಕಳ ಹೆಸರು ಗೊತ್ತಿತ್ತು.

ಈಗ ಏನಾಗಿದೆ? 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದೊಳಗೆ ಹೋಯಿತು. 2020ರ ಏಪ್ರಿಲ್ 1ಕ್ಕೆ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೆ, ಸಿಂಡಿಕೇಟ್ ಕೆನರಾ ಬ್ಯಾಂಕಿನೊಳಗೆ. ಒಂದು ಕಾಲದ ದಕ್ಷಿಣ ಕನ್ನಡ ಜಿಲ್ಲೆ ಹೆತ್ತ ನಾಲ್ಕು ರಾಷ್ಟ್ರೀಕೃತ ಬ್ಯಾಂಕುಗಳಲ್ಲಿ ಹೆಸರು ಉಳಿದದ್ದು ಒಂದಕ್ಕೆ, ಅದರ ಮುಖ್ಯ ಕಚೇರಿಯೂ ಬೆಂಗಳೂರಿನಲ್ಲಿ. 1924ರಲ್ಲಿ ಮಂಗಳೂರಿನಲ್ಲಿ ಹುಟ್ಟಿ ಇವತ್ತಿಗೂ ಮಂಗಳೂರಿನಲ್ಲೇ ಮುಖ್ಯ ಕಚೇರಿ ಇಟ್ಟುಕೊಂಡಿರುವುದು ಖಾಸಗಿ ವಲಯದ ಕರ್ನಾಟಕ ಬ್ಯಾಂಕ್ ಮಾತ್ರ. ವಿಲೀನ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ನಮಗೆ ಗೊತ್ತಾದದ್ದು ಇಷ್ಟೇ: ನಮ್ಮೂರ ಅಂಗನವಾಡಿಗೆ ಏನು ಬೇಕು ಎಂಬ ತೀರ್ಮಾನ ಈಗ ನಮ್ಮೂರನ್ನು ನೋಡದವರ ಮೇಜಿನ ಮೇಲೆ ಆಗುತ್ತದೆ. ಅವರಿಗೆ ಸುಲಭವಾಗಿ ಹೊಳೆಯುವುದು ಬ್ಯಾಗು. ಬ್ಯಾಗನ್ನು ಎಣಿಸಬಹುದು. ಸಾವಿರ ಬ್ಯಾಗು ಅಂದರೆ ವರದಿಯಲ್ಲಿ ಸಾವಿರ ಮಕ್ಕಳು.

ಇನ್ನು ಕಾನೂನಿನ ಮಾತು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡಾ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಲೇಬೇಕು. ಕಂಪನಿ ಕಾಯ್ದೆಯಡಿ ನಡೆಯುವ ಖಾಸಗಿ ಬ್ಯಾಂಕುಗಳಿಗೂ ಇದು ಅನ್ವಯ. ಹಸಿವು, ಅಪೌಷ್ಟಿಕತೆ, ಆರೋಗ್ಯ, ಶಿಕ್ಷಣ, ವಿಶೇಷ ಮಕ್ಕಳ ಶಿಕ್ಷಣ ಎಲ್ಲ ಅದರ ಪಟ್ಟಿಯಲ್ಲಿ ಉಂಟು. ಅಂದರೆ ಬ್ಯಾಂಕಿನವರು ಕೊಡುವುದು ಮನಸ್ಸು ಬಂದು ಅಲ್ಲ, ಕಾಯ್ದೆ ಹೇಳಿದ್ದಕ್ಕೆ. ಅದೇ ಸೆಕ್ಷನ್ ಇನ್ನೊಂದು ಮಾತನ್ನೂ ಹೇಳುತ್ತದೆ: ಕಂಪನಿ ಎಲ್ಲಿ ವ್ಯವಹಾರ ಮಾಡುತ್ತದೋ ಆ ಸ್ಥಳಕ್ಕೆ, ಅದರ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು. ಕಡ್ಡಾಯ ಅಲ್ಲ, ಆದ್ಯತೆ. ಆದರೂ ಕೇಳಲಿಕ್ಕೆ ನಮಗೆ ಅದು ಸಾಕು.

ಎಲ್ಲಕ್ಕಿಂತ ಮುಖ್ಯವಾದದ್ದು ನಿಯಮಗಳಲ್ಲಿ ಉಂಟು, ಬಹಳ ಮಂದಿ ಓದಿಲ್ಲ. ತನ್ನ ಸರಕು ಅಥವಾ ಸೇವೆಗೆ ಪ್ರಚಾರ ಸಿಗಲಿ ಎಂದು ಪ್ರಾಯೋಜಕತ್ವ ಕೊಟ್ಟರೆ ಅದು ಈ ಲೆಕ್ಕಕ್ಕೆ ಬರುವುದಿಲ್ಲ. ಹಾಗಾದರೆ ಮಗುವಿನ ಮುಖಕ್ಕಿಂತ ದೊಡ್ಡದಾಗಿ ಬ್ಯಾಂಕಿನ ಹೆಸರು ಅಚ್ಚು ಹಾಕಿದ ಬ್ಯಾಗು ಯಾವ ಲೆಕ್ಕಕ್ಕೆ ಸ್ವಾಮಿ? ವರ್ಷವಿಡೀ ಊರ ತುಂಬಾ ಇನ್ನೂರು ಮಕ್ಕಳು ಬೆನ್ನ ಮೇಲೆ ಜಾಹೀರಾತು ಹೊತ್ತು ನಡೆಯುತ್ತಾರೆ. ಪಕ್ಕದ ರಸ್ತೆಯ ಹೋರ್ಡಿಂಗಿಗಾದರೆ ಬಾಡಿಗೆ ಕೊಡಬೇಕು.

ಸರಕಾರಿ ಬ್ಯಾಂಕುಗಳು ಬೇರೆ ಕಾಯ್ದೆಯಿಂದ ಹುಟ್ಟಿದವು, ಅವುಗಳಿಗೆ ಈ 135 ಅನ್ವಯಿಸುವುದಿಲ್ಲ. ಅವು ತಮ್ಮದೇ ನೀತಿಯ ಪ್ರಕಾರ ಕೊಡುತ್ತವೆ. ಅಲ್ಲಿ ಒಳ್ಳೆಯದೂ ಉಂಟು, ಹೇಳದಿದ್ದರೆ ಅನ್ಯಾಯ. ಕೆನರಾ ಬ್ಯಾಂಕಿನ ವಿದ್ಯಾಜ್ಯೋತಿ ಎಂಬ ವಿದ್ಯಾರ್ಥಿವೇತನ ಪರಿಶಿಷ್ಟ ಜಾತಿ, ಪಂಗಡದ ಹೆಣ್ಣುಮಕ್ಕಳಿಗೆ. ಯಾರಿಗೆ ಎಂಬುದಕ್ಕೆ ನಿಯಮ ಉಂಟು. ಅದಕ್ಕಿಂತ ದೊಡ್ಡ ಉದಾಹರಣೆ ಉಜಿರೆಯ ರುಡ್‌ಸೆಟ್. 1982ರಲ್ಲಿ ಧರ್ಮಸ್ಥಳದವರು, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಶುರು ಮಾಡಿದ್ದು. ಕೆಲಸ ಇಲ್ಲದ ಹುಡುಗರಿಗೆ ಊಟ, ವಸತಿ ಕೊಟ್ಟು ಕಸುಬು ಕಲಿಸುವುದು. ಅದರ ಮಾದರಿ ಆಮೇಲೆ ದೇಶದ ಜಿಲ್ಲೆ ಜಿಲ್ಲೆಗೂ ಹೋಯಿತು. ನಮ್ಮೊಂದಿಗೆ ಇಲ್ಲಿ ಎಸಿ ಕೆಲಸ ಮಾಡುವ ಒಬ್ಬರು ಸ್ಕ್ರೂಡ್ರೈವರ್ ಹಿಡಿಯಲು ಕಲಿತದ್ದು ಅಲ್ಲೇ. ನಲವತ್ತು ವರ್ಷ ದಾಟಿದರೂ ಅದು ನಡೆಯುತ್ತಿರುವುದು ಯಾಕೆ? ಒಂದು ದಿನದ ಕಾರ್ಯಕ್ರಮ ಅಲ್ಲದ್ದಕ್ಕೆ. ಅಲ್ಲಿ ಕಟ್ಟಡ ಉಂಟು, ಕಲಿಸುವವರಿಗೆ ಸಂಬಳ ಉಂಟು, ಹೋದ ವರ್ಷ ಕಲಿತವನು ಈ ವರ್ಷ ಏನು ಮಾಡುತ್ತಿದ್ದಾನೆ ಎಂದು ಕೇಳುವವರು ಉಂಟು. ಹದಿನೆಂಟು ದಾಟಿದವರಿಗೆ ಇಷ್ಟು ಮಾಡಲು ಬಂದ ಬ್ಯಾಂಕುಗಳಿಗೆ ಆರು ವರ್ಷದೊಳಗಿನವರಿಗೆ ಮಾತ್ರ ಬ್ಯಾಗೇ ಯಾಕೆ?

ಆರು ವರ್ಷದೊಳಗಿನ ಮಗುವಿಗೆ ಏನು ಬೇಕು ಎಂಬುದನ್ನು ಹೇಳಲು ನಾವು ಡಾಕ್ಟರು ಅಲ್ಲ. ಆದರೆ ನಾವು ಅಪ್ಪಂದಿರು, ಅದೂ ಮಕ್ಕಳ ಮೊದಲ ಹೆಜ್ಜೆಯನ್ನು ಫೋನಿನಲ್ಲಿ ನೋಡಿದ ಅಪ್ಪಂದಿರು. ಎರಡು ವಿಷಯ ನಮ್ಮ ಮನೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ, ಅದನ್ನು ಮಾತ್ರ ಹೇಳುತ್ತೇವೆ.

ಮೊದಲನೆಯದು ಭಾಷೆ. ಮನೆಯಲ್ಲಿ ಬ್ಯಾರಿ ಮಾತಾಡುವ ಮಗು ಮೂರನೇ ವರ್ಷಕ್ಕೆ ಅಂಗನವಾಡಿಗೆ ಹೋಗುತ್ತದೆ. ಅಲ್ಲಿ ಕನ್ನಡ, ಆಟದಲ್ಲಿ ತುಳು. ಮದರಸದಲ್ಲಿ ಇನ್ನೊಂದು ಅಕ್ಷರ. ಮಗು ಮೊದಲ ಕೆಲವು ತಿಂಗಳು ಬಾಯಿಯೇ ಬಿಡುವುದಿಲ್ಲ. ಟೀಚರಿಗೆ ಪಾಪ, ಮಕ್ಕಳ ತೂಕ ನೋಡಬೇಕು, ಗರ್ಭಿಣಿಯರ ಪಟ್ಟಿ ಮಾಡಬೇಕು, ಮೊಬೈಲಿನಲ್ಲಿ ಎಂಟ್ರಿ ಹಾಕಬೇಕು, ಚುನಾವಣೆ ಬಂದರೆ ಅದಕ್ಕೂ ಓಡಬೇಕು. "ಇವನಿಗೆ ಸ್ವಲ್ಪ ಮಂದ" ಅಂತ ಒಂದು ಮಾತು ಬಂದರೆ ಮುಗಿಯಿತು, ಏಳನೇ ಕ್ಲಾಸಿನವರೆಗೆ ಆ ಹೆಸರು ಬಿಡುವುದಿಲ್ಲ. ಮಗು ಮಂದ ಅಲ್ಲ ಮಾರಾಯ್ರೆ, ಮಗುವಿಗೆ ಪುಸ್ತಕದಲ್ಲಿರುವ ಆನೆಯ ಹೆಸರು ತನ್ನ ಮನೆಯ ಮಾತಿನಲ್ಲಿ ಗೊತ್ತು, ಟೀಚರ್ ಕೇಳುವ ಮಾತಿನಲ್ಲಿ ಗೊತ್ತಿಲ್ಲ, ಅಷ್ಟೇ. ಒಂದೇ ಚಿತ್ರದ ಕೆಳಗೆ ಕನ್ನಡ, ತುಳು, ಬ್ಯಾರಿ, ಕೊಂಕಣಿ ನಾಲ್ಕೂ ಮಾತನ್ನು ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿದ ದಪ್ಪ ಹಾಳೆಯ ಚಿತ್ರಪುಸ್ತಕ ಮಾಡಿ ಪ್ರತಿ ಅಂಗನವಾಡಿಗೆ ಹತ್ತು ಕೊಡಲಿಕ್ಕೆ ಎಷ್ಟು ಖರ್ಚಾದೀತು? ಬ್ಯಾರಿ ಸಾಹಿತ್ಯ ಅಕಾಡೆಮಿ 2007ರಿಂದ ಉಂಟು, ತುಳು ಮತ್ತು ಕೊಂಕಣಿ ಅಕಾಡೆಮಿಗಳು ಅದಕ್ಕಿಂತ ಹಳೆಯವು. ಮಾತು ಬಲ್ಲವರು ಇದ್ದಾರೆ, ಚಿತ್ರ ಬರೆಯುವವರು ಇದ್ದಾರೆ, ಅಚ್ಚಿನ ಮನೆ ಮಂಗಳೂರಿನಲ್ಲೇ ಉಂಟು. ಕೇಳುವವರು ಇಲ್ಲ. ಬೇಕಾದರೆ ಹಿಂದಿನ ರಟ್ಟಿನ ಮೂಲೆಯಲ್ಲಿ ಬ್ಯಾಂಕಿನ ಹೆಸರು ಸಣ್ಣಕ್ಕೆ ಹಾಕಿಕೊಳ್ಳಲಿ, ನಮ್ಮ ಆಕ್ಷೇಪ ಇಲ್ಲ.

ಎರಡನೆಯದು ನೋವಿನ ವಿಷಯ. ನಮ್ಮ ಬಳಗದ ಒಬ್ಬರ ಮಗ ಮೂರು ವರ್ಷವಾದರೂ ಮಾತಾಡಲಿಲ್ಲ. ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಮನೆಯ ಹಿರಿಯರು "ಇವನ ಉಪ್ಪನೂ ತಡವಾಗಿ ಮಾತಾಡಿದ್ದು, ಸುಮ್ಮನಿರಿ" ಅಂದರು. ಒಂದು ವರ್ಷ ಹಾಗೇ ಹೋಯಿತು. ಆಮೇಲೆ ಮಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿದಾಗ, ವಾರಕ್ಕೆ ಎರಡು ಸಲ ಮಾತಿನ ತರಬೇತಿಗೆ ಕರೆದುಕೊಂಡು ಬನ್ನಿ, ಮೊದಲೇ ಬರಬೇಕಿತ್ತು ಎಂದರು. ಅಪ್ಪ ಇಲ್ಲಿ. ತಾಯಿ ಒಬ್ಬಳೇ ಮಗುವನ್ನು ಎತ್ತಿಕೊಂಡು ಎರಡು ಬಸ್ಸು ಬದಲಾಯಿಸಿ ಹೋಗಬೇಕು. ಬಸ್ಸಿನಲ್ಲಿ ಮಗು ಕಿರುಚಿದರೆ ಸುತ್ತಲಿನವರ ಕಣ್ಣು. ತರಬೇತಿಯವರಿಗೆ ಬ್ಯಾರಿ ಬರುವುದಿಲ್ಲ. ಅವರು ಹೇಳಿಕೊಟ್ಟದ್ದನ್ನು ತಾಯಿ ಮನೆಯಲ್ಲಿ ತನ್ನ ಮಾತಿಗೆ ತಿರುಗಿಸಿ ಹೇಳಿಕೊಡಬೇಕು. ಆರು ತಿಂಗಳು ಹೋದಳು. ಮಳೆಗಾಲ ಬಂತು, ಅತ್ತೆಗೆ ಕಾಯಿಲೆ ಬಂತು, ನಿಂತಿತು. ಮಗುವಿಗೆ ಈಗ ಆರು. ಆತ ಕೆಲಸ ಮುಗಿಸಿ ಬಂದು ರಾತ್ರಿ ವಿಡಿಯೋ ಕಾಲ್ ಮಾಡುತ್ತಾರೆ. ಮಗ ಪರದೆಯ ಬದಿಗೆ ನೋಡುತ್ತಾನೆ. ನಾವು ಅದೇ ರೂಮಿನಲ್ಲಿ ಗೋಡೆಯ ಕಡೆ ತಿರುಗಿ ಮಲಗುತ್ತೇವೆ.

ಇಂಥ ಮಕ್ಕಳನ್ನು ಬೇಗ ಗುರುತಿಸಲು ಸರಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಉಂಟು, ಜಿಲ್ಲಾ ಮಟ್ಟದಲ್ಲಿ ಕೇಂದ್ರವೂ ಉಂಟು. ಆದರೆ ಜಿಲ್ಲಾ ಕೇಂದ್ರ ಅಂದರೆ ಸುಳ್ಯದ ತಾಯಿಗೆ, ಬೈಂದೂರಿನ ತಾಯಿಗೆ ಒಂದಿಡೀ ದಿನ. ಬೆಳ್ತಂಗಡಿ, ಪುತ್ತೂರು ಕಡೆ ಎಂಡೋಸಲ್ಫಾನ್ ಸಿಂಪಡಿಸಿದ ಊರುಗಳ ತಾಯಂದಿರು ಎಷ್ಟು ವರ್ಷದಿಂದ ಇದೇ ಬಸ್ಸಿನಲ್ಲಿ ಓಡಾಡುತ್ತಿದ್ದಾರೆ ಎಂಬುದು ಬ್ಯಾಂಕಿನವರಿಗೂ ಗೊತ್ತಿರುವ ವಿಷಯ. ತಾಲೂಕಿಗೆ ಒಬ್ಬ ಮಾತಿನ ತರಬೇತುದಾರ, ಒಬ್ಬ ವ್ಯಾಯಾಮ ಚಿಕಿತ್ಸಕ. ವಾರದಲ್ಲಿ ಒಂದು ದಿನ ಒಂದು ಹೋಬಳಿ. ಐದು ವರ್ಷಕ್ಕೆ ಸಂಬಳದ ಖಾತ್ರಿ. ಇದಕ್ಕೆ ರಿಬ್ಬನ್ ಕತ್ತರಿಸುವ ಸಂದರ್ಭ ಬರುವುದಿಲ್ಲ, ಫೋಟೋ ಚೆಂದ ಬರುವುದಿಲ್ಲ. ಅದಕ್ಕೇ ಆಗುತ್ತಿಲ್ಲವೋ ಎಂಬ ಗುಮಾನಿ ನಮ್ಮದು.

"ಬ್ಯಾಂಕು ಸರಕಾರ ಅಲ್ಲ, ಎಲ್ಲ ಅವರೇ ಮಾಡಬೇಕಾ?" ಅಂತ ಕೇಳುವವರು ಇದ್ದಾರೆ. ಅಲ್ಲ. ಆದರೆ ಬ್ಯಾಂಕಿನ ಲಾಭ ಎಲ್ಲಿಂದ ಬಂತು ಎಂದೂ ಕೇಳಬೇಕು. ಕರಾವಳಿಯ ಶಾಖೆಗಳಲ್ಲಿ ಬಿದ್ದಿರುವ ಎನ್‌ಆರ್‌ಇ ಠೇವಣಿ ಯಾರ ಬೆವರು? ಐವತ್ತು ಡಿಗ್ರಿ ಹತ್ತಿರದ ಬಿಸಿಲಿನಲ್ಲಿ ಪೈಪ್ ಎತ್ತಿದವರದು, ಬಖಾಲೆಯಲ್ಲಿ ಹದಿನಾಲ್ಕು ಗಂಟೆ ನಿಂತವರದು. ಆ ಠೇವಣಿ ನಮ್ಮೂರಲ್ಲೇ ಸಾಲವಾಗಿ ಓಡಾಡುವುದಿಲ್ಲ. ಉಡುಪಿ ಜಿಲ್ಲೆಯಲ್ಲಿ ಠೇವಣಿ ಜಾಸ್ತಿ, ಸಾಲ ಕಡಿಮೆ ಎಂಬ ಮಾತು ಬ್ಯಾಂಕ್ ಪರಿಶೀಲನಾ ಸಭೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ನಮ್ಮ ಹಣ ಬೇರೆ ಊರಿನ ಕಾರ್ಖಾನೆ ಕಟ್ಟುತ್ತದೆ. ಕಟ್ಟಲಿ, ದೇಶ ಒಂದೇ. ಬ್ಯಾಗಿನಲ್ಲಿ ಮುಗಿಸಬೇಡಿ ಅಂತ ಮಾತ್ರ ನಾವು ಹೇಳುವುದು.

ಬಡ್ಡಿಯ ವಿಷಯವನ್ನೂ ಇಲ್ಲಿ ಬಿಚ್ಚಿ ಹೇಳಬೇಕು, ಯಾಕೆಂದರೆ ಇದರಲ್ಲಿ ತಪ್ಪು ನಮ್ಮದೂ ಉಂಟು. ನಮ್ಮಲ್ಲಿ ಬಹಳ ಮಂದಿ ಬಡ್ಡಿ ಹಣ ಮುಟ್ಟುವುದಿಲ್ಲ. ಒಳ್ಳೆಯದು. ಆದರೆ ಮುಟ್ಟದ ಹಣ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದವರು ಎಷ್ಟು? ಕೆಲವರು ಬಡ್ಡಿ ಹಾಕಲೇಬೇಡಿ ಎಂದು ಬ್ಯಾಂಕಿಗೆ ಬರೆದುಕೊಡುತ್ತಾರೆ, ಆ ಹಣ ಬ್ಯಾಂಕಿನಲ್ಲೇ ಉಳಿಯುತ್ತದೆ. ಕೆಲವರು ಖಾತೆಯಲ್ಲೇ ಬಿಡುತ್ತಾರೆ. ಹತ್ತು ವರ್ಷ ಯಾರೂ ಮುಟ್ಟದ ಖಾತೆಯ ಹಣ ರಿಸರ್ವ್ ಬ್ಯಾಂಕಿನ ಠೇವಣಿದಾರರ ಜಾಗೃತಿ ನಿಧಿಗೆ ಹೋಗುತ್ತದೆ. ವಾರಸುದಾರರು ಕೇಳಿದರೆ ವಾಪಸು ಸಿಗುತ್ತದೆ, ಹುಡುಕಲು 2023ರಿಂದ ಉದ್ಗಮ್ ಎಂಬ ಜಾಲತಾಣವೂ ಉಂಟು, ಆದರೆ ಗಲ್ಫಿನಲ್ಲಿ ತೀರಿಕೊಂಡವನ ಖಾತೆ ಯಾವ ಶಾಖೆಯಲ್ಲಿ ಇತ್ತು ಎಂದೇ ಮನೆಯವರಿಗೆ ಗೊತ್ತಿರುವುದಿಲ್ಲ. ಆ ಹಣವನ್ನು ಬ್ಯಾಂಕಿನಲ್ಲಿ ಬಿಡಬೇಡಿ, ಪುಣ್ಯದ ಆಸೆ ಇಟ್ಟುಕೊಳ್ಳದೆ ತೆಗೆದು ಬಡವರಿಗೆ, ಸಾರ್ವಜನಿಕ ಕೆಲಸಕ್ಕೆ ಕೊಟ್ಟುಬಿಡಿ ಎಂದು ಹೇಳುವ ಉಲಮಾಗಳು ಹಲವರಿದ್ದಾರೆ. ನಾವು ಫತ್ವಾ ಕೊಡುವವರಲ್ಲ, ನಿಮ್ಮ ಉಸ್ತಾದರನ್ನು ಕೇಳಿ. ಕೇಳದೆ ಸುಮ್ಮನೆ ಬಿಟ್ಟರೆ, ನಾವು ಬಿಟ್ಟ ಹಣದಲ್ಲೇ ಬ್ಯಾಗು ಹೊಲಿಸಿ ನಮ್ಮ ಮಕ್ಕಳಿಗೇ ಹಂಚಿ, ನಮ್ಮಿಂದಲೇ ಧನ್ಯವಾದ ಹೇಳಿಸಿಕೊಂಡ ಹಾಗೆ ಆಗುತ್ತದೆ.

ಇನ್ನು ಕೌಂಟರಿನ ಕಥೆ. ಮಕ್ಕಳ ಉಳಿತಾಯ ದಿನ ಅಂತ ಶಾಲೆಗೆ ಬಂದು, ಬಲೂನು ಕಟ್ಟಿ, ಮಣ್ಣಿನ ಹುಂಡಿ ಹಂಚಿದ ಒಂದು ಶಾಖೆಗೆ, ಅದೇ ತಿಂಗಳು ನಮ್ಮ ಸದಸ್ಯರೊಬ್ಬರ ಹೆಂಡತಿ ಎಂಟು ವರ್ಷದ ಮಗಳನ್ನು ಕರೆದುಕೊಂಡು ಖಾತೆ ತೆರೆಯಲು ಹೋದರು. "ತಂದೆ ಎಲ್ಲಿ? ತಂದೆಯೇ ಬರಬೇಕು" ಎಂದರು. ತಂದೆ ದಮಾಮಿನಲ್ಲಿ, ಬರುವುದು ಎರಡು ವರ್ಷಕ್ಕೊಮ್ಮೆ ಎಂದರೂ ಕೇಳಲಿಲ್ಲ. ಮೂರು ಸಲ ವಾಪಸು ಕಳಿಸಿದರು. ಮೂರನೇ ಸಲ ಮಗಳು ಹುಂಡಿಯನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿದ್ದಳಂತೆ. ಬಲೂನು ಕಟ್ಟಿದ ಕೈಗಳೇ ಅರ್ಜಿ ಹಿಂದೆ ತಳ್ಳಿದ್ದು.

ಎಲ್ಲ ಉಮ್ಮಂದಿರೂ ಇದನ್ನು ಬಾಯಿಪಾಠ ಮಾಡಿಕೊಳ್ಳಿ: ಅಪ್ರಾಪ್ತ ಮಗುವಿನ ಉಳಿತಾಯ ಖಾತೆಯನ್ನು ತಾಯಿಯೇ ಪಾಲಕಿಯಾಗಿ ತೆರೆಯಬಹುದು. ರಿಸರ್ವ್ ಬ್ಯಾಂಕ್ ಇದಕ್ಕೆ ಬಹಳ ಹಿಂದೆಯೇ ಒಪ್ಪಿಗೆ ಕೊಟ್ಟಿದೆ, 2025ರ ಏಪ್ರಿಲ್‌ನ ಸುತ್ತೋಲೆಯಲ್ಲಿ ಪುನಃ ಹೇಳಿದೆ. ಹತ್ತು ವರ್ಷ ತುಂಬಿದ ಮಗು, ಬ್ಯಾಂಕು ಹಾಕುವ ಮಿತಿಯೊಳಗೆ, ತಾನೇ ಖಾತೆ ತೆರೆದು ತಾನೇ ನಡೆಸಬಹುದು. ಮತ್ತೆ ವಾಪಸು ಕಳಿಸಿದರೆ ಯಾಕೆಂದು ಬರೆದುಕೊಡಿ ಅಂತ ಕೇಳಿ. ಬರೆದುಕೊಡುವುದಿಲ್ಲ, ಆದರೆ ಕೇಳಿದ ಕೂಡಲೇ ಕುರ್ಚಿ ಕೊಡುತ್ತಾರೆ, ಇದು ಅನುಭವದ ಮಾತು. ಲಿಖಿತ ದೂರಿಗೆ 30 ದಿನದಲ್ಲಿ ಬ್ಯಾಂಕು ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು, ಫೀಸು ಇಲ್ಲ.

ವಿದ್ಯಾಭ್ಯಾಸ ಸಾಲದ ಬಗ್ಗೆ ಉದ್ದಕ್ಕೆ ಬರೆಯುವುದಿಲ್ಲ, ನಮ್ಮಲ್ಲಿ ಅನೇಕರು ಅದನ್ನು ತೆಗೆದುಕೊಳ್ಳುವವರಲ್ಲ. ತೆಗೆದುಕೊಳ್ಳುವವರಿಗೆ ಒಂದೇ ಮಾತು: 4 ಲಕ್ಷದವರೆಗೆ ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ ಅಡವು ಕೇಳುವಂತಿಲ್ಲ, "ನಿಮ್ಮ ಮನೆ ನಮ್ಮ ಶಾಖೆಯ ವ್ಯಾಪ್ತಿಗೆ ಬರುವುದಿಲ್ಲ" ಎಂಬ ಕಾರಣಕ್ಕೆ ಅರ್ಜಿ ತಿರಸ್ಕರಿಸುವಂತಿಲ್ಲ.

ಈಗ ನಮ್ಮ ಮುಖವನ್ನೂ ಕನ್ನಡಿಯಲ್ಲಿ ನೋಡಿಕೊಳ್ಳಬೇಕು. ನಮ್ಮ ಸಂಘವೂ ಪುಸ್ತಕ ಹಂಚಿದೆ, ಕಿಟ್ ಹಂಚಿದೆ. ನಾವೂ ಬ್ಯಾನರು ಕಟ್ಟಿದ್ದೇವೆ. ನೋಟ್‌ಬುಕ್ಕಿನ ರಟ್ಟಿನ ಮೇಲೆ ದಾನಿಗಳ ಫೋಟೋ ಹಾಕಿಸಿದ್ದೇವೆ, ಮಗು ವರ್ಷವಿಡೀ ಗಣಿತ ಬಿಡಿಸಿದ್ದು ನಮ್ಮ ಮುಖದ ಹಿಂದೆ. ಯತೀಮ್ ಮಕ್ಕಳನ್ನು ವೇದಿಕೆಗೆ ಹತ್ತಿಸಿ ಫೋಟೋ ತೆಗೆಸಿದ್ದೂ ಉಂಟು. ಅದನ್ನು ನೆನೆಸಿಕೊಂಡರೆ ಈಗ ನಾಚಿಕೆ ಆಗುತ್ತದೆ. ಇನ್ನು ಮುಂದೆ ಹಂಚಿಕೆಯಲ್ಲಿ ಮಕ್ಕಳ ಮುಖದ ಫೋಟೋ ಇಲ್ಲ ಎಂದು ಕಳೆದ ಸಭೆಯಲ್ಲಿ ತೀರ್ಮಾನ ಮಾಡಿದ್ದೇವೆ. ಮೂವರು ವಿರೋಧಿಸಿದರು, ಫೋಟೋ ಇಲ್ಲದಿದ್ದರೆ ದಾನಿಗಳು ಕೊಡುವುದಿಲ್ಲ ಅಂತ. ನೋಡೋಣ.

ಮತ್ತೊಂದು. ಶಾಲೆಗೆ ಎಸ್‌ಡಿಎಂಸಿ ಉಂಟು, ಅಂಗನವಾಡಿಗೆ ಬಾಲವಿಕಾಸ ಸಮಿತಿ ಉಂಟು, ಪಂಚಾಯತಿನಲ್ಲಿ ಮಕ್ಕಳ ಗ್ರಾಮಸಭೆ ಉಂಟು. ಬ್ಯಾಂಕಿನವರು ಶಾಲೆಗೆ ಬಂದು "ಏನು ಬೇಕು?" ಎಂದು ಕೇಳುವುದೇ ಆದರೆ ಕೇಳುವುದು ಈ ಸಮಿತಿಗಳನ್ನು. ಅದರಲ್ಲಿ ನಮ್ಮ ಹೆಂಗಸರು ಎಷ್ಟು ಮಂದಿ ಇದ್ದಾರೆ? ಇದ್ದರೆ ಎಷ್ಟು ಮಂದಿ ಬಾಯಿ ಬಿಡುತ್ತಾರೆ? ನಾವೇ ಇಲ್ಲಿಂದ ಫೋನಿನಲ್ಲಿ "ಮೀಟಿಂಗಿಗೆಲ್ಲ ಹೋಗ್ಬೇಡ, ಮನೆಯಲ್ಲಿ ಕೆಲಸ ಇಲ್ವಾ" ಎಂದು ಹೇಳಿದವರಲ್ಲವೇ? ಮನೆ ಕಟ್ಟಿಸುವಾಗ ಮೇಸ್ತ್ರಿಯ ಹತ್ತಿರ ಅವಳೇ ಮಾತಾಡಬೇಕು, ಸಿಮೆಂಟಿನ ಲೆಕ್ಕ ಅವಳೇ ಇಡಬೇಕು, ಶಾಲೆಯ ಶೌಚಾಲಯದ ಬಾಗಿಲಿನ ಲೆಕ್ಕ ಕೇಳುವಾಗ ಮಾತ್ರ ಅವಳು ಬಾಯಿ ಮುಚ್ಚಬೇಕು! ಆ ಬಾಗಿಲು ಇಲ್ಲದೆ ಮನೆಗೆ ಓಡಿ ಬರುವುದು ನಮ್ಮ ಮಗಳೇ.

ನಮ್ಮ ಕೇಳಿಕೆ ದೊಡ್ಡದೇನಲ್ಲ. ಕರಾವಳಿಯಲ್ಲಿ ಶಾಖೆ ಇಟ್ಟುಕೊಂಡ ಪ್ರತಿ ಬ್ಯಾಂಕು, ಈ ಎರಡು ಜಿಲ್ಲೆಗಳಲ್ಲಿ ಮಕ್ಕಳಿಗಾಗಿ ಎಷ್ಟು ಖರ್ಚು ಮಾಡಿತು, ಯಾವ ಊರಿನಲ್ಲಿ, ಯಾವುದಕ್ಕೆ ಎಂಬುದನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಶಾಖೆಯ ಗೋಡೆಗೆ ಅಂಟಿಸಲಿ. 135ರ ಕೆಳಗೆ ಬರುವ ಕಂಪನಿಗಳು ಒಪ್ಪಿಗೆಯಾದ ಯೋಜನೆಗಳನ್ನು ಜಾಲತಾಣದಲ್ಲಿ ಹಾಕಲೇಬೇಕು ಎಂದು ನಿಯಮ ಉಂಟು. ಅದು ಇಂಗ್ಲಿಷಿನಲ್ಲಿ, ಯಾವುದೋ ಮೂಲೆಯಲ್ಲಿ ಇದ್ದರೆ ಬೀಡಿ ಕಟ್ಟುವ ತಾಯಿಗೆ ಎಂತ ಪ್ರಯೋಜನ? ಬಡ್ಡಿ ದರದ ಬೋರ್ಡು ಹಾಕಲು ಗೋಡೆಯಲ್ಲಿ ಜಾಗ ಉಂಟಲ್ಲ, ಅದರ ಪಕ್ಕ ಸಾಕು. ಕೊಡುವ ಮೊದಲು ಅಂಗನವಾಡಿ ಟೀಚರನ್ನೂ ಬಾಲವಿಕಾಸ ಸಮಿತಿಯನ್ನೂ ಕೇಳಲಿ. ಒಂದು ದಿನದ ಹತ್ತು ಕಾರ್ಯಕ್ರಮದ ಬದಲು ಐದು ವರ್ಷದ ಒಂದು ಕೆಲಸ ಹಿಡಿಯಲಿ. ಅತಿಥಿಗಳು ಬರಲಿ, ಆದರೆ ಹೇಳಿದ ಹೊತ್ತಿಗೆ ಬರಲಿ.

ಈ ಮಾತುಗಳನ್ನೆಲ್ಲ ಸೇರಿಸಿ ಒಂದು ಮನವಿ ತಯಾರಾಗಿದೆ. ಕನ್ನಡದಲ್ಲಿ, ಒಂದೂವರೆ ಪುಟ. ಏಪ್ರಿಲ್, ಮೇ ರಜೆಗೆ ಊರಿಗೆ ಹೋಗುವವರು ಮುಂದಿನ ಮಾಸಿಕ ಸಭೆಯಲ್ಲಿ ಪ್ರತಿ ತೆಗೆದುಕೊಳ್ಳಿ. ನಿಮ್ಮ ಎನ್‌ಆರ್‌ಇ ಖಾತೆ ಇರುವ ಶಾಖೆಗೇ ಕೊಡಿ, ಪಾಸ್‌ಬುಕ್ ಕೈಯಲ್ಲಿ ಇರಲಿ, ಹೆಂಡತಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ, ನಕಲಿನ ಮೇಲೆ ಸೀಲು ಹಾಕಿಸಿಕೊಂಡು ಬನ್ನಿ. ಮೊದಲ ಪ್ರತಿ ತೆಗೆದುಕೊಂಡವರು ಆ ಬ್ಯಾಗಿನ ಹುಡುಗನ ಉಪ್ಪ. ಬರುವ ಗುರುವಾರ ರಾತ್ರಿ ದಮಾಮಿನಿಂದ ಹೊರಡುತ್ತಾರೆ. ಮಗನಿಗೆ ಎಂತ ತರಲಿ ಅಂತ ಕೇಳಿದ್ದಕ್ಕೆ, ಬ್ಯಾಗು ಮಾತ್ರ ಬೇಡ ಅಂದನಂತೆ.